ಓಬಳೇಶನ ಬಗ್ಗೆ ಹನ್ನೊಂದು ಸಾಲು

ಹೋದ ವಾರ ನಾನೊಂದು ಸುಳ್ಳು ಬರೆದೆ. ಇಷ್ಟು ವರ್ಷದಿಂದ ಅಂಕಣ ಬರೆಯುವವನಿಗೆ ಅದೇನು ಹೊಸದೇ ಎನ್ನಬೇಡಿ. ಈ ಸುಳ್ಳನ್ನು ಆಯಿಲ್ ಪೇಂಟಿನಲ್ಲಿ ಒಂದು ಸರ್ಕಾರಿ ಶಾಲೆಯ ಗೋಡೆಯ ಮೇಲೆ ಬರೆಸಿದ್ದಾರೆ. ಕೆಳಗೆ ನನ್ನ ಹೆಸರೂ ಇದೆ.

ನಡೆದದ್ದು ಇಷ್ಟು. ಗುಡೇಕೋಟೆ ಕಡೆಯ ಒಂದು ಹಳ್ಳಿಯಿಂದ (ಹೆಸರು ಬೇಡ, ಅಲ್ಲಿಗೆ ಮತ್ತೆ ಹೋಗಬೇಕಾದವನು ನಾನು) ಶಾಲಾ ಸಮಿತಿಯ ಅಧ್ಯಕ್ಷರು ಕೊಟ್ಟೂರಿನ ನಮ್ಮ ಮನೆಗೆ ಬಂದರು. "ನಮ್ಮೂರ ಓಬಳೇಶ ಮಿಲಿಟರಿಯಾಗ ಹವಾಲ್ದಾರ ಆಗ್ಯಾನ್ರಿ. ಸಾಲಿ ಗ್ವಾಡಿ ಮ್ಯಾಲೆ ಅವನ ಚಿತ್ರ ಬರಸ್ತೀವಿ. ಅವನ ಜೀವನ ಹನ್ನೊಂದು ಸಾಲಿನಾಗ ಬರಕೊಡ್ರಿ" ಎಂದರು. ಹನ್ನೆರಡಕ್ಕೆ ಗೋಡೆಯಲ್ಲಿ ಜಾಗವಿಲ್ಲವಂತೆ.

ಹುಡುಕಲು ಹೊರಟೆ. ಮೊದಲು ಶಾಲೆಗೆ. ಹೆಡ್‌ಮಾಸ್ತರರು ಹಳೆಯ ದಾಖಲಾತಿ ಪುಸ್ತಕ ತೆಗೆಸಿದರು. ಓಬಳೇಶ ಸಿಕ್ಕ, ಎರಡನೇ ತರಗತಿಯಲ್ಲಿ. ಹೆಸರಿನ ಮೇಲೊಂದು ಕೆಂಪು ಗೆರೆ, ಪಕ್ಕದಲ್ಲಿ 'ದೀರ್ಘ ಗೈರುಹಾಜರಿ, ಹೆಸರು ತೆಗೆದಿದೆ'. ಆ ಶಾಲೆಗೂ ಅವನಿಗೂ ಇದ್ದ ನಂಟು ಅಲ್ಲಿಗೆ ಮುಗಿದಿತ್ತು.

ಏಳು ವರ್ಷದ ಹುಡುಗ ಎಲ್ಲಿಗೆ ಹೋದ? ಅವನ ಅಕ್ಕ ದುರುಗಮ್ಮ ಊರಂಚಿನ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು.

"ಅಪ್ಪ ಅವ್ವ ದುಡಿಯಾಕ ಗೋವಾಕ್ಕ ಹೊಂಟ್ರು, ನಮ್ಮಿಬ್ಬರ್ನೂ ಕರಕೊಂಡು ಹೋದ್ರು. ಅಲ್ಲಿ ಒಬ್ರು ಕನ್ನಡ ಮಾಸ್ತರು ಶೆಡ್ಡಿಗೇ ಬಂದು ಹುಡುಗ್ರನ್ನ ಸಾಲಿಗೆ ಎಳಕೊಂಡು ಹೋಗ್ತಿದ್ರು. ಇಬ್ರೂ ಹೋದ್ರ ಶೆಡ್ಡು ಯಾರು ಕಾಯ್ಬೇಕ್ರಿ? ತಮ್ಮ ಹೋಗ್ಲಿ ಅಂತ ನಾನು ಕುಂತೆ."

ಹೀಗೆ ಹೇಳಿ ಮತ್ತೆ ಜೋಳಕ್ಕೆ ಕೈಹಾಕಿದರು. ಆ 'ಕುಂತೆ' ಎಂಬ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಓಬಳೇಶ ಅಲ್ಲೇ ಹತ್ತನೇ ಕ್ಲಾಸ್ ಮುಗಿಸಿದ. ಮೇಸ್ತ್ರಿಗಳ ಬೈಗುಳ ಕೇಳಿ ಕೇಳಿ ಹಿಂದಿ ಕಲಿತ. ಹಗಲು ಇಟ್ಟಿಗೆ ಹೊತ್ತು ಸಂಜೆ ಓಡಿದ. ಎರಡು ಸಲ ಫೇಲಾಗಿ ಮೂರನೇ ಸಲ ಸೇನೆಗೆ ಆಯ್ಕೆಯಾದ. ಈ ದಾರಿಯಲ್ಲಿ ಅವನೂರಿನ ಶಾಲೆ ಎಲ್ಲಿ ಬರುತ್ತದೆ, ನೀವೇ ಹೇಳಿ?

ದುರುಗಮ್ಮನಿಗೆ ಗೋಡೆಯ ಚಿಂತೆಯೇ ಇರಲಿಲ್ಲ. ಅವರ ಚಿಂತೆ ಬಾಗಿಲಲ್ಲಿ ನಿಂತಿತ್ತು. ಮಗಳು ಪವಿತ್ರಾ, ಒಂಬತ್ತು ವರ್ಷ. ಅಪ್ಪ ಅವ್ವ ಅಜ್ಜಿಯ ಜೊತೆ ಮಂಡ್ಯದ ಕಡೆ ಕಬ್ಬು ಕಡಿಯುವ ಗುಳೆಗೆ ಹೋಗಿ, ಮೂರು ತಿಂಗಳ ನಂತರ ಬಂದಿದ್ದಳು. ಬಂದು ನೋಡಿದರೆ ಶಾಲೆಯಲ್ಲಿ ಹೆಸರಿಲ್ಲ.

"ಕಂಪ್ಯೂಟರ್‌ನಾಗ ತೆಗದೀವಿ, ಜೂನ್‌ಗೆ ಬರ್ರಿ ಅಂತಾರ. ಸೋಮವಾರ ಲಾರಿ ಬರ್ತೈತಿ, ನಾವು ಮತ್ತ ಹೊಂಟೀವಿ. ಈ ಸಲ ನಮ್ಮತ್ತಿ ಬರಂಗಿಲ್ಲ, ಊರಾಗ ಇರ್ತಾಳ. ಇವಳ ಹೆಸರು ಹಚ್ಚಿಕೊಂಡ್ರ ಆಕಿ ಹತ್ರ ಬಿಡ್ತೀನಿ. ಇಲ್ಲಂದ್ರ ಕರಕೊಂಡೇ ಹೋಗ್ಬೇಕ್ರಿ."

ಅವರೇ ತಮ್ಮನಿಗೆ ಫೋನ್ ಹಚ್ಚಿ ಕೊಟ್ಟರು. ಎಲ್ಲೋ ಗಡಿಯಲ್ಲಿದ್ದ, ಲೈನು ಕಡಿಯುತ್ತಿತ್ತು. ನಾನು ಸಾಹಸದ ಕತೆ ಕೇಳಿದೆ. (ಅಂಕಣಕಾರರ ಚಟ.) ಅವನು, "ಗ್ವಾಡಿ ಮ್ಯಾಲೆ ಏನಾರ ಬರ್ಕಳ್ರಿ ಸರ್. ನಮ್ಮ ಪವಿತ್ರಾನ್ನ ಸೇರಿಸ್ಕಂತಾರೇನು, ಒಂದು ಮಾತು ಕೇಳ್ರಿ" ಎಂದ. ಕೇಳುತ್ತೇನೆ ಎಂದೆ.

ಶಾಲೆಗೆ ವಾಪಸು ಹೋಗಿ ಕೇಳಿದೆ ಕೂಡ. ಮಗು ಯಾವಾಗ ಬಂದರೂ ಸೇರಿಸಿಕೊಳ್ಳಬೇಕು ಎಂದು ಕಾನೂನೇ ಇದೆಯಲ್ಲ ಎಂದೆ.

"ಗೊತ್ತೈತ್ರಿ ಸರ್" ಎಂದರು ಹೆಡ್‌ಮಾಸ್ತರರು. "ಇವತ್ತು ಹಚ್ಚಿಕೊಂಡ್ರ ನಾಳಿ ಮತ್ತ ಗುಳೆ ಹೋಗ್ತಾರ. ಗೈರುಹಾಜರಿಗೆ ಉತ್ತರ ಕೊಡಾವ್ನು ನಾನು. ಬುಧವಾರ ಚಿತ್ರದ ಫಂಕ್ಷನ್ ಐತಿ, ಅದು ಮುಗೀಲಿ, ನೋಡೋಣಂತ."

ಪಕ್ಕದಲ್ಲಿದ್ದ ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಒಂದರಿಂದ ಏಳು ಇಲ್ಲೇ ಓದ್ಯಾನ ಅಂತ ಬರೀರಿ ಸರ್, ಸಾಲಿಗೆ ಮರ್ಯಾದಿ. ಹುಡುಗಿದು ನಾನು ಮಾಡಸ್ತೀನಿ."

ಬರೆದೆ. 'ಇದೇ ಶಾಲೆಯಲ್ಲಿ ಏಳು ವರ್ಷ ಅಕ್ಷರ ಕಲಿತ ವೀರಯೋಧ.' ಗೋವಾದ ಮಾಸ್ತರರ ಸುದ್ದಿ ಬಿಟ್ಟೆ. ಶೆಡ್ಡು ಕಾಯುತ್ತ ಕುಂತ ಅಕ್ಕನನ್ನೂ ಬಿಟ್ಟೆ. ನನ್ನದೊಂದು ಸುಳ್ಳಿಗೆ ಹುಡುಗಿಯದೊಂದು ಹೆಸರು, ಇದು ಲೆಕ್ಕ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಲು ಬಾರದವನು ನಾನು. ಇಲ್ಲೂ ನನ್ನ ಸರಕನ್ನು ಮೊದಲೇ ಕೊಟ್ಟುಬಿಟ್ಟೆ.

ಸೋಮವಾರ ಬೆಳಗ್ಗೆ ಲಾರಿ ಬಂತು. ಪವಿತ್ರಾಳ ಹೆಸರು ಹಚ್ಚಿರಲಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿದರೆ ಶಾಮಿಯಾನದ ಓಡಾಟದಲ್ಲಿ ಮರೆತೇ ಹೋಯಿತು ಎಂದರು. ದುರುಗಮ್ಮ ಯಾರನ್ನೂ ಬೈಯಲಿಲ್ಲವಂತೆ. ಮಗಳ ಬಟ್ಟೆಯನ್ನು ತನ್ನ ಗಂಟಿಗೇ ಸೇರಿಸಿ ಕಟ್ಟಿ ಲಾರಿ ಹತ್ತಿದರಂತೆ. ನನಗೆ ಅವರೆಲ್ಲರ ಮೇಲೂ ಸಿಟ್ಟು ಬಂತು. ಹೆಚ್ಚಿನ ಸಿಟ್ಟು ನನ್ನ ಮೇಲೆಯೇ. ಆದರೂ ಬುಧವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಹೋಗದೇ ಇರಬಹುದಿತ್ತಲ್ಲವೇ?

ಚಿತ್ರದ ಪರದೆ ಸರಿಸಿದರು. ಓಬಳೇಶನ ಮನೆಯವರು ಒಬ್ಬರೂ ಇರಲಿಲ್ಲ. 'ಕಾರಣಾಂತರದಿಂದ ಬಂದಿಲ್ಲ' ಎಂದು ಮೈಕಿನಲ್ಲಿ ಹೇಳಿದರು. ಬಿಸಿಲಲ್ಲಿ ಸಾಲಾಗಿ ಕೂತ ಮಕ್ಕಳಿಗೆ ಮುಖ್ಯ ಅತಿಥಿಗಳು ಕೈ ಎತ್ತಿ ಕರೆಕೊಟ್ಟರು: ಈ ಶಾಲೆಯಿಂದ ಇನ್ನೊಬ್ಬ ಓಬಳೇಶ ಹೊರಡಬೇಕು.

ಸೋಮವಾರವೇ ಹೊರಟಳು ಸ್ವಾಮಿ ಎಂದು ಯಾರೂ ಹೇಳಲಿಲ್ಲ. ನಾನಂತೂ ಚಪ್ಪಾಳೆ ತಟ್ಟುತ್ತಿದ್ದೆ.