ಹೆಂಚಿನ ಮೇಲೆ ಎಸೆದ ಹಲ್ಲು

ಬೆಳಿಗ್ಗೆ ಮೊಮ್ಮಗಳು ಅಂಗೈಯಲ್ಲಿ ಒಂದು ಹಾಲುಹಲ್ಲು ಹಿಡಿದು ಬಂದು, "ಅಜ್ಜಿ, ಇದನ್ನ ಎಲ್ಲಿ ಎಸೀಬೇಕು?" ಎಂದಳು. ನಮ್ಮದು ನಾಲ್ಕನೇ ಮಹಡಿಯ ಮನೆ. ಹೆಂಚೂ ಇಲ್ಲ, ಹಲ್ಲು ಸುತ್ತಲು ಸಗಣಿಯೂ ಇಲ್ಲ. ಉತ್ತರ ಹುಡುಕುತ್ತಿರುವಾಗ ನನ್ನ ಕೈ ತಾನಾಗಿ ಎಡದವಡೆಗೆ ಹೋಯಿತು. ಈ ವಯಸ್ಸಿನಲ್ಲೂ ಸೀಬೆಕಾಯಿಯನ್ನು ಹೆಚ್ಚದೆ ಕಚ್ಚಿ ತಿನ್ನುವವಳು ನಾನು. ಹಲ್ಲಿನ ವಿಷಯದಲ್ಲಿ ನನಗೆ ಜಂಬವಿದೆ. ಅದರ ಕಾರಣ ಕೇಳಿದರೆ ನೀವೂ ಕ್ಷಮಿಸುತ್ತೀರಿ.

ಸ್ವಾತಂತ್ರ್ಯ ಬಂದ ಹೊಸತು. ಬಸವನಗುಡಿಯ ನಮ್ಮ ಬೀದಿಯ ಮಕ್ಕಳಿಗೆಲ್ಲ ಕೆಪ್ಪಟೆ ಬಂದು ಕೆನ್ನೆ ಊದಿತ್ತು. ನನ್ನ ಎಡಗೆನ್ನೆಯ ಕೆಳಗೂ ಒಂದು ಬಾವು ಕಂಡಿತು. ಅದೂ ಕೆಪ್ಪಟೆಯೇ ಎಂದು ನಮ್ಮಜ್ಜಿ ತೀರ್ಮಾನಿಸಿ, ಜಾಜು ಕಲಸಿ ಕೆನ್ನೆಗೆ ಹಚ್ಚಿ, ಪದ್ಧತಿಯಂತೆ ತಮ್ಮ ಚಿನ್ನದ ಸರವನ್ನು ನನ್ನ ಕೊರಳಿಗೆ ಹಾಕಿದರು. "ಇಳಿಯೋ ತನಕ ತೆಗೀಕೂಡದು" ಎಂದು ಅಪ್ಪಣೆಯೂ ಆಯಿತು. ಉಳಿದ ಮಕ್ಕಳ ಸರಗಳು ಬೇಗನೆ ಪೆಟ್ಟಿಗೆ ಸೇರಿದವು. ಸಂಕ್ರಾಂತಿಗೆ ಹಾಕಿದ ನನ್ನ ಸರ ಯುಗಾದಿಗೂ ಕೊರಳಲ್ಲೇ ಇತ್ತು. ನೋವಿಲ್ಲ, ಜ್ವರವಿಲ್ಲ, ಮೇಲೆ ಚಿನ್ನ ಬೇರೆ. ಕನ್ನಡಿ ಕಂಡಲ್ಲೆಲ್ಲ ಕೊರಳು ನಿಗುರಿಸಿ ನಿಲ್ಲುತ್ತಿದ್ದೆ. ಬಾವು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಅಪ್ಪನಿಗೆ ಸಂಶಯ ಬಂದು ಪರಿಚಯದ ಡಾಕ್ಟರೊಬ್ಬರಿಗೆ ತೋರಿಸಿದರು. ಅವರು ಒತ್ತಿ ನೋಡಿ, "ಮೂಳೆ ಒಳಗಿನ ಗಡ್ಡೆ. ಅರ್ಧ ದವಡೆ ತೆಗೀಬೇಕಾಗ್ಬಹುದು" ಎಂದರು. ಅಂದು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. "ಹೆಣ್ಣುಮಗು, ಮುಖಾನೇ ಹೋದ್ರೆ ಮುಂದೇನ್ ಗತಿ?" ಎಂದು ಸೋದರತ್ತೆ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಮೊದಲ ಸಲ ಭಯವಾಯಿತು. ಕನ್ನಡಿಯ ಮುಂದೆ ಸರವನ್ನು ಬಿಟ್ಟು ದವಡೆ ನೋಡಿಕೊಂಡೆ.

ಕತ್ತರಿಸುವ ಮಾತಿಗೆ ಒಪ್ಪುವ ಮೊದಲು ಇನ್ನೊಬ್ಬರನ್ನು ಕೇಳೋಣವೆಂದು ಎಲ್ಲರೂ ಜಟಕಾ ಹತ್ತಿ ಚಾಮರಾಜಪೇಟೆಯ ದಂತವೈದ್ಯರ ಬಳಿಗೆ ಹೋದೆವು. ಎತ್ತರದ ಆಳು, ಲವಂಗದೆಣ್ಣೆಯ ವಾಸನೆಯ ಬೆರಳು. ಬಾಯೊಳಗೆಲ್ಲ ತಡಕಿ, "ಇಲ್ಲಿ ಹಾಲುಹಲ್ಲು ಇನ್ನೂ ಗಟ್ಟಿಯಾಗಿದೆ. ಬಲಗಡೇದು ಯಾವಾಗ ಬಿತ್ತು?" ಎಂದು ಕೇಳಿದರು. ಅಪ್ಪ ಅಮ್ಮ ಅಜ್ಜಿಯನ್ನು ನೋಡಿದರು.

"ಅದನ್ನ ದಸರಾದಲ್ಲೇ ಹೆಂಚಿನ ಮೇಲೆ ಎಸೆದಿದೀನಿ ಡಾಕ್ಟ್ರೇ," ಅಂದರು ಅಜ್ಜಿ. "ಎಡಗಡೇದು ನನ್ನ ಕೈಗೇ ಬಂದಿಲ್ಲ."

ಮನೆಯ ಮಕ್ಕಳ ಹಲ್ಲುಗಳನ್ನೆಲ್ಲ ಸಗಣಿಯಲ್ಲಿ ಸುತ್ತಿ ಎಸೆಯುತ್ತಿದ್ದವರು ಅವರೇ. ಡಾಕ್ಟರು ಅವರ ಕಡೆ ತಿರುಗಿ ಕೂತರು. "ಒಳ್ಳೇ ಮಾತು ಹೇಳಿದ್ರಮ್ಮ. ಹಾಲುಹಲ್ಲು ಬೀಳದ ಹಾಗೆ ಮೂಳೆ ಒಳಗೆ ಏನೋ ಅಡ್ಡ ಕೂತಿದೆ. ಮೊದಲು ಎಕ್ಸ್‌ರೇ, ಕತ್ತಿ ಮಾತು ಆಮೇಲೆ."

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರು ನಕ್ಕ ನಗು ನನಗಿನ್ನೂ ನೆನಪಿದೆ. ದವಡೆಯೊಳಗೆ ಒಂದು ಚೀಲ, ಚೀಲದ ತುಂಬ ನುಚ್ಚಕ್ಕಿಯಂಥ ಪುಟಾಣಿ ಹಲ್ಲುಗಳು. "ಇದು ಕೆಟ್ಟ ಗಡ್ಡೆ ಅಲ್ಲ. ಹಲ್ಲಾಗಕ್ಕೆ ಹೊರಟು ದಾರಿ ತಪ್ಪಿದೆ ಅಷ್ಟೆ. ಇಷ್ಟು ದೊಡ್ಡದು ಅಪರೂಪ. ಕೆಳಗೆ ನಿಜವಾದ ಹಲ್ಲು ಕಾಯ್ತಾ ಇದೆ, ನೋಡಿ. ಚೀಲ ಮಾತ್ರ ತೆಗೆದು ದಾರಿ ಬಿಟ್ಟರೆ ತಾನೇ ಬರತ್ತೆ. ದವಡೆ ಯಾಕೆ ಕತ್ತರಿಸ್ಬೇಕು?" ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಆಪರೇಷನ್ನಿಗೆ ಕೊಟ್ಟ ಈಥರಿನ ಸಿಹಿವಾಸನೆಯಲ್ಲಿ ನಾನು ಮಲಗಿ ಎದ್ದಾಗ ದವಡೆ ಇದ್ದಲ್ಲೇ ಇತ್ತು. ಚೀಲದ ಚೂರನ್ನು ಪರೀಕ್ಷೆಗೆ ಕಳಿಸಿ, ಕೆಟ್ಟದ್ದಲ್ಲವೆಂದು ಡಾಕ್ಟರು ಖಚಿತ ಮಾಡಿಕೊಂಡರು. ಹಲ್ಲುಗಳನ್ನು ಸೀಸೆಯಲ್ಲಿ ಹಾಕಿ ಅಜ್ಜಿಗೆ ಕೊಟ್ಟರು. ಎಷ್ಟಿವೆ ಎಂದು ಎಣಿಸಿದವರ ಲೆಕ್ಕ ಒಬ್ಬರದು ಇನ್ನೊಬ್ಬರದಕ್ಕೆ ಸೇರಲಿಲ್ಲ. ಅಜ್ಜಿ ಎಣಿಸುವ ಗೋಜಿಗೇ ಹೋಗದೆ ಒಟ್ಟಿಗೆ ಸಗಣಿಯುಂಡೆ ಮಾಡಿ ಹೆಂಚಿನ ಮೇಲೆ ಎಸೆದರು.

ಬಾವು ಇಳಿದರೂ ಅಜ್ಜಿ ಸರ ತೆಗೆಯಲಿಲ್ಲ. "ಹಲ್ಲು ಬರ್ಲಿ" ಎಂದರು. ಎಡದ ಹಾಲುಹಲ್ಲನ್ನು ಡಾಕ್ಟರೇ ಕಿತ್ತಿದ್ದರು. ಆ ಖಾಲಿ ಜಾಗವನ್ನು ಅಜ್ಜಿ ದಿನಾ ಬೆಳಿಗ್ಗೆ ನನ್ನನ್ನು ಜಗಲಿಯ ಬಿಸಿಲಿಗೆ ನಿಲ್ಲಿಸಿ ನೋಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಒಂದು ಬಿಳಿಯ ತುದಿ ಕಂಡಿತು. ಅಜ್ಜಿ ಬೆರಳಿಟ್ಟು ಮುಟ್ಟಿದರು, ಅತ್ತರು, ಆಮೇಲೆ ಸರ ಬಿಚ್ಚಿದರು. ಸರ ಹೋಯಿತಲ್ಲ ಎಂದು ನಾನೂ ಗೊಳೋ ಅಂದೆ. ಸಂತೋಷಕ್ಕೆ ಅಳುತ್ತಿದ್ದೇನೆಂದು ತಿಳಿದು ಅಜ್ಜಿ ತಬ್ಬಿಕೊಂಡರು ಎಂದೇ ಇಷ್ಟು ವರ್ಷ ನಂಬಿದ್ದೆ.

ಇವತ್ತು ಮೊಮ್ಮಗಳ ಬಾಯಿ ತೆರೆಸಿ ವಸಡಿನ ಮೇಲೆ ಬೆರಳಾಡಿಸಿದೆ. ಒಳಗೊಂದು ಗಟ್ಟಿ ತುದಿ ಸಿಕ್ಕಿತು. "ಬರ್ತಿದೆ ಕಣೇ" ಎಂದೆ. ಹಾಲುಹಲ್ಲನ್ನು ತುಳಸಿಕುಂಡದ ಮಣ್ಣಿಗೆ ಹಾಕಿಸಿ, ಈಗ ನನ್ನದಾಗಿರುವ ಆ ಸರವನ್ನು ಅವಳ ಕೊರಳಿಗೆ ಹಾಕಿದೆ.

"ನಂಗೇನೂ ಆಗಿಲ್ವಲ್ಲ ಅಜ್ಜಿ?"

"ಹಲ್ಲು ಬರೋ ತನಕ ಇರ್ಲಿ."

ಅವಳು ಕೊರಳು ನಿಗುರಿಸಿಕೊಂಡು ನೆಟ್ಟಗೆ ಕನ್ನಡಿಯ ಹತ್ತಿರ ಓಡಿದಳು. ಅವಳನ್ನೇ ನೋಡುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು: ನಾನು ಯಾಕೆ ಅತ್ತೆನೆಂದು ಅಜ್ಜಿಗೆ ಅವತ್ತೇ ಗೊತ್ತಿತ್ತು.