ಹದಿನೇಳು ಡಿಗ್ರಿಯ ಜಾಕೆಟ್ಟು

ಹೋದ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಆಟೋದಲ್ಲಿ ಕೂತು ನಾನು ಕೂಗಾಡಿದೆ. ಗೇಟು ತೆಗೆಯುವವರಿಲ್ಲ. ಆಟೋದವರು ಎರಡು ಸಲ ಹಾರನ್ ಹೊಡೆದರು. ಯಲಹಂಕ ಹಳೇ ಪೇಟೆಯಿಂದ ತಂದ ಸೊಪ್ಪು ಕಾಲ ಬುಡದಲ್ಲಿ ಬಾಡುತ್ತಿತ್ತು, ನನ್ನ ತಲೆ ಸಿಡಿಯುತ್ತಿತ್ತು. ಈ ಮನುಷ್ಯ ನಿದ್ದೆ ಹೊಡೆಯುತ್ತಿದ್ದಾನೆ ಎಂದು ನಾನೇ ತೀರ್ಮಾನಿಸಿಕೊಂಡು, ಇಳಿದು ಹೋಗಿ ಸೆಕ್ಯುರಿಟಿ ಕ್ಯಾಬಿನ್ನಿನ ಬಾಗಿಲು ತಳ್ಳಿದೆ.

(ತಳ್ಳಿದ ಕೈ ಚುರ್ ಎಂದಿತು. ಬಾಗಿಲು ತಗಡಿನದು. ಗೋಡೆಯೂ ತಗಡು, ಸೂರೂ ತಗಡು.)

ಒಳಗೆ ನಮ್ಮ ಗೇಟು ಕಾಯುವ ಮುನಿಯಪ್ಪ ಗೋಡೆಗೆ ಒರಗಿ ಕೂತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಕಣ್ಣು ಅರ್ಧ ತೆರೆದಿತ್ತು, ತುಟಿ ಒಣಗಿತ್ತು, ಕರೆದರೆ ಉತ್ತರವಿಲ್ಲ. ಮೈಮೇಲೆ ಹತ್ತಿ ತುಂಬಿದ ದಪ್ಪ ನೀಲಿ ಜಾಕೆಟ್ಟು. ಕುತ್ತಿಗೆಯವರೆಗೂ ಗುಂಡಿ ಹಾಕಿತ್ತು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆಟೋದವರು ಮತ್ತು ನಾನು ಸೇರಿ ಅವರನ್ನು ಎಬ್ಬಿಸಿಕೊಂಡು ಗೇಟಿನ ಒಳಗಿರುವ ಹೊಂಗೆ ಮರದ ಕೆಳಗೆ ತಂದು ಕೂರಿಸಿದೆವು. ಜಾಕೆಟ್ ಬಿಚ್ಚಿದರೆ ಒಳಗಿನ ಷರ್ಟು ಹಿಂಡಿದರೆ ನೀರು ಬರುವಷ್ಟು ಒದ್ದೆ. ಮುಖಕ್ಕೆ ನೀರು ಹಾಕಿ, ಮನೆಗೆ ಓಡಿ ಉಪ್ಪು ಹಾಕಿದ ಮಜ್ಜಿಗೆ ತಂದು ಕುಡಿಸಿದೆ. ಹತ್ತು ನಿಮಿಷ ಕಳೆದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೆ? ಜಾಕೆಟ್ ಎಲ್ಲಿ, ಕೊಡಿ, ಕ್ಯಾಮೆರಾದಲ್ಲಿ ನೋಡುತ್ತಾರೆ ಎಂದು.

ಈ ಬಿಸಿಲಿಗೆ ಜಾಕೆಟ್ ಹಾಕಿಕೊಳ್ಳಿ ಎಂದ ಪುಣ್ಯಾತ್ಮ ಯಾರು ಎಂದು ಕೇಳಿದೆ. ಮುನಿಯಪ್ಪ ಮಜ್ಜಿಗೆ ಲೋಟ ಕೆಳಗಿಟ್ಟರು.

"ನೀವೇ ಆಕಿದ್ರಂತಲ್ಲಮ್ಮ ಫೋನ್ನಾಗೆ, ಅದಿನೇಳು ಡಿಗ್ರಿ ಐತೆ ಅಂತ. ಸೆಕ್ರೆಟ್ರಿಯವ್ರು ತೋರ್ಸಿದ್ರು."

ಓದುಗರೇ, ಇನ್ನು ನನ್ನ ಚಟದ ವಿಷಯ ಹೇಳಲೇಬೇಕು.

ನನ್ನ ಅಕ್ಕ ಮದುವೆಯಾಗಿ ರಾಯಚೂರಿಗೆ ಹೋಗಿ ಮೂವತ್ತು ವರ್ಷವಾಯಿತು. ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತು, ಫೋನಿನಲ್ಲಿ ಯಲಹಂಕದ ಡಿಗ್ರಿ ಒಂದು, ರಾಯಚೂರಿನ ಡಿಗ್ರಿ ಒಂದು ಸ್ಕ್ರೀನ್‌ಶಾಟ್ ಹೊಡೆದು ಅಕ್ಕನಿಗೆ ಕಳಿಸುವುದು ನನ್ನ ದಿನದ ಮೊದಲ ಕೆಲಸ. ಅವಳನ್ನು ಉರಿಸುವುದಕ್ಕೆ, ಅಷ್ಟೇ. ನಾನೇ ಗೆಲ್ಲುವುದು ಮೊದಲೇ ಗೊತ್ತಿರುವ ಆಟ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅದೇ ಚಿತ್ರವನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೂ ಹಾಕುವ ಅಭ್ಯಾಸವಾಯಿತು. "ಯಲಹಂಕ 17, ರಾಯಚೂರು 24. ನಾವು ಪುಣ್ಯ ಮಾಡಿದ್ದೆವು."

ಗ್ರೂಪಿನಲ್ಲಿ ಹಬ್ಬ. ಒಬ್ಬರು ತಮ್ಮ ಆಫೀಸಿರುವ ಟಿ. ದಾಸರಹಳ್ಳಿಯಲ್ಲಿ ಹತ್ತೊಂಬತ್ತು ಎನ್ನುತ್ತಾರೆ, ಇನ್ನೊಬ್ಬರು ಆರ್.ಟಿ. ನಗರದ ಅತ್ತೆ ಮನೆಯಲ್ಲಿ ಇಪ್ಪತ್ತು ಎನ್ನುತ್ತಾರೆ. ಹೆಬ್ಬಾಳದ ಫ್ಲೈಓವರ್ ಇಳಿದು ನಮ್ಮ ಕಡೆ ಬಂದರೆ ಎರಡು ಡಿಗ್ರಿ ಕಮ್ಮಿ ಎನ್ನುವುದು ನಮ್ಮವರಿಗೆಲ್ಲ ಏನೋ ಹೆಮ್ಮೆ. ಈ ತಂಪನ್ನು ನಾವೇ ಎಲ್ಲೋ ಹೋಗಿ ದುಡಿದು ತಂದೆವೇನೋ ಎನ್ನುವಂತೆ ಮಾತಾಡುತ್ತೇವೆ. ಮಧ್ಯಾಹ್ನ ಎರಡೂವರೆಯ ಡಿಗ್ರಿ ಹಾಕಿದವರನ್ನು ಯಾರಾದರೂ ನೋಡಿದ್ದೀರಾ? ನಾನಂತೂ ಒಂದು ದಿನವೂ ಹಾಕಿಲ್ಲ. ಆ ಹೊತ್ತಿಗೆ ಪರದೆ ಎಳೆದು, ಫ್ಯಾನ್ ಐದಕ್ಕೆ ಇಟ್ಟು ಮಲಗಿರುತ್ತೇನೆ.

ಮುನಿಯಪ್ಪ ಎರಡು ವಾರದ ಹಿಂದೆಯೇ ನಮ್ಮ ಸೆಕ್ರೆಟರಿ ನಾಗರಾಜ್ ಅವರ ಹತ್ತಿರ ಹೋಗಿದ್ದರಂತೆ. ಕೇಳಿದ್ದು ಎರಡೇ. ಹತ್ತು ಗಂಟೆಯ ಮೇಲೆ ಜಾಕೆಟ್ ಬಿಚ್ಚಲು ಬಿಡಿ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕುರ್ಚಿಯನ್ನು ಹೊಂಗೆ ಮರದ ಕೆಳಗೆ ಹಾಕಿಕೊಳ್ಳಲು ಬಿಡಿ. ಯಾರ ಕಿಸೆಗೂ ಭಾರವಲ್ಲದ ಮಾತು. ನಾಗರಾಜ್ ಫೋನ್ ತೆಗೆದು ನನ್ನ ಸ್ಕ್ರೀನ್‌ಶಾಟ್ ತೋರಿಸಿ, ಹದಿನೇಳು ಡಿಗ್ರಿಯಲ್ಲಿ ಸೆಖೆ ಹೇಗಾಗುತ್ತೆ ಎಂದು ವಾಪಸ್ ಕಳಿಸಿದ್ದಾರೆ.

ಕೇಳಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದೆಯೇ ಮೈ ಉರಿದೂ ಹೋಯಿತು.

ಮುನಿಯಪ್ಪ ಬರುವುದು ಚಿಕ್ಕಜಾಲದ ಆಚೆಗಿನ ಹಳ್ಳಿಯಿಂದ, ಬೆಳಗಿನ ಮೊದಲ ಬಸ್ಸಿಗೆ. ಆಗ ಜಾಕೆಟ್ ಬೇಕೇ ಬೇಕು. ಏರ್‌ಪೋರ್ಟ್ ರೋಡಿನ ಬಯಲ ಗಾಳಿಗೆ ಕಿವಿ ಮರಗಟ್ಟುತ್ತದೆ. ಅದೇ ಮನುಷ್ಯ ಮಧ್ಯಾಹ್ನಕ್ಕೆ ಅದೇ ಜಾಕೆಟ್ಟಿನಲ್ಲಿ ತಗಡಿನ ಡಬ್ಬಿಯೊಳಗೆ ಬೇಯುತ್ತಾರೆ. ಫೆಬ್ರವರಿ ತಿಂಗಳ ಯಲಹಂಕ ಒಂದೇ ದಿನದಲ್ಲಿ ಎರಡು ಊರು. ನಾನು ಬಲ್ಲದ್ದು ಬೆಳಗಿನ ಊರು ಮಾತ್ರ.

ಎಷ್ಟು ಬೇಯುತ್ತಾರೆ ಎಂದು ನೋಡಿಯೇ ಬಿಡೋಣ ಎಂದುಕೊಂಡೆ. ನಮ್ಮ ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಗೋಡೆ ಗಡಿಯಾರವೊಂದಿದೆ. ಟೈಮು ಸರಿಯಾಗಿ ತೋರಿಸುವುದಿಲ್ಲ, ಆದರೆ ಅದರ ಕೆಳಗೊಂದು ಥರ್ಮಾಮೀಟರ್ ಇದೆ, ಅದು ಸರಿಯಿದೆ. ಬುಧವಾರ ಬೆಳಿಗ್ಗೆ ಅದನ್ನು ಕ್ಯಾಬಿನ್ನಿನಲ್ಲಿ ನೇತುಹಾಕಿದೆ. ಆರಕ್ಕೆ ಹದಿನಾರಿತ್ತು. ಮಧ್ಯಾಹ್ನ ಎರಡೂವರೆಗೆ ಹೋಗಿ ನೋಡಿದರೆ ನಲವತ್ತೊಂದು. ಆ ಹೊತ್ತಿಗೆ ನನ್ನ ಫೋನು ಯಲಹಂಕ ಮೂವತ್ತೆರಡು ಎನ್ನುತ್ತಿತ್ತು. ಫೋನಿನವರು ಯಾವ ಯಲಹಂಕವನ್ನು ಅಳೆದರೋ, ಮುನಿಯಪ್ಪ ಕೂರುವ ಯಲಹಂಕವನ್ನಂತೂ ಅಳೆದಿರಲಿಲ್ಲ.

ಗುರುವಾರ ಸಂಜೆ ಕಮಿಟಿ ಮೀಟಿಂಗ್ ಇತ್ತು. ಗಡಿಯಾರವನ್ನೇ ಕಂಕುಳಲ್ಲಿಟ್ಟುಕೊಂಡು ಹೋದೆ. ಕ್ಲಬ್ ಹೌಸಿನಲ್ಲಿ ಎಸಿ ಹಾಕಿದ್ದರು. (ಯಾರೋ ಶಾಲು ಹೊದ್ದುಕೊಂಡಿದ್ದರು. ಹದಿನೇಳು ಡಿಗ್ರಿ ಊರಿನ ಜನ ಅಲ್ಲವೇ.)

ನಾಗರಾಜ್ ಕೆಟ್ಟವರಲ್ಲ. ನಮ್ಮ ಕಟ್ಟಡ ನಿಂತಿರುವುದೇ ಅವರ ತಾತನ ದ್ರಾಕ್ಷಿ ತೋಟದಲ್ಲಿ. ನಯವಾಗಿಯೇ ಮಾತಾಡಿದರು. ಚಳಿಗಾಲದ ಯೂನಿಫಾರಂ ಶಿವರಾತ್ರಿಯವರೆಗೆ ಎಂದು ಮೊದಲಿಂದ ನಿಯಮ ಇದೆಯಂತೆ. ಯಾಕೆ ಶಿವರಾತ್ರಿ? ಶಿವರಾತ್ರಿ ಕಳೆದರೆ ತಾನೇ ಚಳಿ ಹೋಗುವುದು ಎಂದರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಇಂಜಿನಿಯರುಗಳು, ಬ್ಯಾಂಕಿನವರು, ಇಬ್ಬರು ಡಾಕ್ಟರು. ತಾನು ಕುಸಿದದ್ದನ್ನು ಹೇಳಬೇಡಿ, ಕೆಲಸದಿಂದ ತೆಗೆಯುತ್ತಾರೆ ಎಂದು ಮುನಿಯಪ್ಪ ಮೊದಲೇ ಕೇಳಿಕೊಂಡಿದ್ದರು, ಹಾಗಾಗಿ ನಾನು ಗಡಿಯಾರವನ್ನಷ್ಟೇ ಎತ್ತಿ ತೋರಿಸಿದೆ. ಅದು ಚೀನಾ ಮಾಲಿರಬೇಕು ಎಂದರು ಒಬ್ಬರು.

ಆಮೇಲೆ ನಾಗರಾಜ್ ನನ್ನ ಅಸ್ತ್ರವನ್ನು ನನ್ನ ಮೇಲೆಯೇ ಬಿಟ್ಟರು.

"ಮೇಡಂ, ದಿನಾ ನೀವೇ ಹಾಕ್ತೀರಲ್ಲ, ರಾಯಚೂರಲ್ಲಿ ನಮಗಿಂತ ಏಳೆಂಟು ಡಿಗ್ರಿ ಜಾಸ್ತಿ ಅಂತ. ಅಲ್ಲಿ ಜನ ಬದುಕ್ತಿಲ್ವಾ? ಒಂದ್ ವಾರ ಅಡ್ಜಸ್ಟ್ ಮಾಡ್ಕೊಂಡ್ರೆ ಶಿವರಾತ್ರಿ ಬಂದೇ ಬಿಡುತ್ತೆ ಕಣ್ರೀ."

ಹೊಂಗೆ ಮರದ ನೆರಳಾದರೂ ಕೊಡಿ ಎಂದೆ. ಅದೇ ಮರದ ಕೆಳಗೆ ತಮ್ಮ ತಾತ ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು, ಬಿಸಿಲು ಇಳಿಯುವವರೆಗೆ ಟವೆಲ್ ಹಾಸಿ ಮಲಗುತ್ತಿದ್ದರು ಎಂದು ರಾಜ್ಯೋತ್ಸವದ ದಿನ ಮೈಕಿನಲ್ಲಿ ಹೇಳಿದವರು ಇದೇ ನಾಗರಾಜ್. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅದನ್ನು ನೆನಪಿಸಿದರೆ, ಅದು ತೋಟದ ಕಾಲ, ಈಗ ಅಲ್ಲಿ ಕುರ್ಚಿ ಹಾಕಿದರೆ ಎಂಟ್ರೆನ್ಸ್ ಲುಕ್ ಕೆಡುತ್ತದೆ ಎಂದರು. ಮುಂದಿನ ವಿಷಯ ಈಜುಕೊಳದ ಟೈಲ್ಸು.

ರಾತ್ರಿ ಊಟಕ್ಕೆ ಮುಂಚೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ರಾಯಚೂರಿನ ಜನ ಬದುಕುತ್ತಿಲ್ಲವೇ ಎಂಬ ಪ್ರಶ್ನೆಯನ್ನೂ ಒಪ್ಪಿಸಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಬದುಕ್ತೀವಿ. ಹೆಂಗ ಬದುಕ್ತೀವಿ ಅಂತ ಕೇಳ್ಯಾರೇನು ಅವ್ರು? ಬ್ಯಾಸಗ್ಯಾಗ ಹನ್ನೆರಡರ ಮ್ಯಾಲೆ ಇಲ್ಲಿ ಯಾರೂ ಹೊರಗ ಬರಂಗಿಲ್ಲ. ಅಂಗಡಿ ಬಾಗ್ಲಾ ಹಾಕ್ತಾರ. ಕೆಲಸದವ್ರು ಬೆಳಿಗ್ಗೆ ಲಗೂನ ಬಂದು ಹೋಗಿಬಿಡ್ತಾರ. ಬಿಸಿಲಿನ ಊರಿನವ್ರಿಗೆ ಬಿಸಿಲಿನ ಮರ್ಯಾದಿ ಗೊತ್ತದ. ನಿಮಗ ಗೊತ್ತಿಲ್ಲ."

ಇಷ್ಟು ವರ್ಷ ಡಿಗ್ರಿ ಕಳಿಸಿ ನಾನು ಗೆದ್ದದ್ದೆಲ್ಲ ಒಂದೇ ಏಟಿಗೆ ಹೋಯಿತು. ರಾಯಚೂರಿನ ಸಂಖ್ಯೆಯನ್ನು ಮಾತ್ರ ನಾವು ಇಲ್ಲಿಗೆ ತರಿಸಿಕೊಂಡಿದ್ದೇವೆ. ಅಲ್ಲಿನ ಮುಚ್ಚಿದ ಬಾಗಿಲು, ದಪ್ಪ ಗೋಡೆ, ಮಧ್ಯಾಹ್ನದ ಬಿಡುವು ಯಾವುದನ್ನೂ ತರಲಿಲ್ಲ. ಎಲ್ಲೋ ಒಬ್ಬರಿಗೆ ಹೆಚ್ಚು ಬಿಸಿಲಿದೆ ಎಂದ ಮಾತ್ರಕ್ಕೆ ಇಲ್ಲೊಬ್ಬರು ಬೇಯಬಹುದು ಎನ್ನುವುದು ಯಾವ ಸೀಮೆ ನ್ಯಾಯ? ನನಗೆ ಹಲ್ಲು ನೋವು ಎಂದು ಹೋದರೆ, ಪಕ್ಕದವರ ಕಾಲು ಮುರಿದಿದೆ, ನೀವು ಮನೆಗೆ ಹೋಗಿ ಎಂದು ಡಾಕ್ಟರು ಹೇಳುತ್ತಾರೆಯೇ?

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಕೆಳಗಿಳಿದು ಹೋಗಿ ಮುನಿಯಪ್ಪನವರ ಜಾಕೆಟ್ ಕೇಳಿದೆ. ಅವರಿಗೆ ಗಾಬರಿಯಾಯಿತು.

"ಬ್ಯಾಡ ಕಣಮ್ಮ. ಇಂಗೆಲ್ಲ ಮಾಡುದ್ರೆ ನನ್ನ್ ಕೆಲ್ಸಕ್ಕೇ ಕುತ್ತು ಬತ್ತದೆ."

ಅದು ನಿಜವಾದ ಭಯ. ಅವರ ಮಗಳ ನರ್ಸಿಂಗ್ ಓದು ಮುಗಿಯಲು ಇನ್ನೊಂದು ವರ್ಷವಿದೆ, ಮನೆಗೆ ಹತ್ತಿರದಲ್ಲಿ ಬೇರೆ ಕೆಲಸ ಸಿಕ್ಕಿಲ್ಲ. ಕೆಲಸ ಹೋದರೆ ನನ್ನನ್ನು ಹಿಡಿದುಕೊಳ್ಳಿ ಎಂದೆ. ಅದು ದೊಡ್ಡ ಮಾತು ಎಂದು ಹೇಳಿದ ಮೇಲೆ ಹೊಳೆಯಿತು. ಹೇಗೋ ಜಾಕೆಟ್ ಬಿಚ್ಚಿ ಕೊಟ್ಟು, ಮರದ ಕೆಳಗೆ ಹೋಗಿ ನಿಂತರು. ಕೂರಿ ಎಂದರೂ ಕೂರಲಿಲ್ಲ.

ನಾನು ಜಾಕೆಟ್ ಹಾಕಿಕೊಂಡೆ, ಅವರ ಟೋಪಿಯನ್ನೂ ಹಾಕಿಕೊಂಡು ಕ್ಯಾಬಿನ್ನಿನೊಳಗೆ ಕೂತೆ. ಮೊದಲ ಎರಡು ನಿಮಿಷ ಏನೂ ಅನ್ನಿಸಲಿಲ್ಲ. ಆಮೇಲೆ ಬೆನ್ನಲ್ಲಿ ಬೆವರು ಹರಿಯಿತು, ಕಿವಿಯೊಳಗೆ ಗುಂಯ್ ಎನ್ನತೊಡಗಿತು. ಐದನೇ ನಿಮಿಷಕ್ಕೆ ಮೇಲಿನ ಎರಡು ಗುಂಡಿ ಬಿಚ್ಚಿದೆ. ಹೊರಗೆ ಹೊಂಗೆಯ ನೆರಳು ಇಪ್ಪತ್ತು ಹೆಜ್ಜೆ ದೂರದಲ್ಲಿ ಖಾಲಿ ಬಿದ್ದಿತ್ತು. ಪ್ರತಿದಿನ ಅದನ್ನು ನೋಡುತ್ತಾ ಇಲ್ಲಿ ಕೂರುವುದು ಹೇಗಿರುತ್ತದೆ ಎಂದು ಯೋಚಿಸಿದೆ.

ಆಗ ಇಂಟರ್‌ಕಾಮ್ ಹೊಡೆದುಕೊಂಡಿತು. ಎತ್ತಿದೆ. ಮೇಲೆ ತಮ್ಮ ಮನೆಯಲ್ಲಿ ಕೂತು ಕ್ಯಾಮೆರಾ ನೋಡುತ್ತಿದ್ದ ನಾಗರಾಜ್.

"ಮುನಿಯಪ್ಪ, ಗುಂಡಿ ಯಾಕ್ ಬಿಚ್ಚಿದ್ದೀಯ? ಹಾಕ್ಕೋ."

ಅವರಿಗೆ ಕಂಡದ್ದು ಜಾಕೆಟ್ಟು. ಒಳಗೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸವೇ ತಪ್ಪಿಹೋಗಿತ್ತು. ಇದು ಮುನಿಯಪ್ಪ ಅಲ್ಲ, ನಾನು, ಮೂರನೇ ಮಹಡಿಯವಳು ಎಂದೆ. ಈಗ ಅವರ ದನಿಯಲ್ಲಿ ನಿಜವಾದ ಕಳಕಳಿಯಿತ್ತು, ಅದನ್ನು ಸುಳ್ಳು ಎನ್ನಲಾರೆ.

"ಅಯ್ಯೋ ಮೇಡಂ, ನೀವ್ಯಾಕೆ ಅದ್ರೊಳಗೆ ಕೂತಿದ್ದೀರಾ? ಮೊದ್ಲು ಹೊರಗೆ ಬನ್ನಿ. ಆ ತಗಡಲ್ಲಿ ಈ ಹೊತ್ತಲ್ಲಿ ಕೂತ್ರೆ ತಲೆ ಸುತ್ತಿ ಬೀಳ್ತೀರ."

ಸಂಜೆಯೊಳಗೆ ಜಾಕೆಟ್ಟಿನ ನಿಯಮ ಹೋಯಿತು. ಶನಿವಾರದಿಂದ ಕುರ್ಚಿ ಹೊಂಗೆ ಮರದ ಕೆಳಗಿದೆ. ಎಂಟ್ರೆನ್ಸ್ ಲುಕ್ಕಿಗೆ ಏನೂ ಆಗಿಲ್ಲ. ನಾನೂ ಬೆಳಗಿನ ಸ್ಕ್ರೀನ್‌ಶಾಟ್ ನಿಲ್ಲಿಸಿದ್ದೇನೆ. ಎಲ್ಲರೂ ನನಗೆ ಶಹಬ್ಬಾಸ್ ಎಂದರು. ನನಗೆ ಮಾತ್ರ ಸಿಟ್ಟು ಇಳಿದಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಆ ತಗಡಿನಲ್ಲಿ ಆ ಹೊತ್ತಿನಲ್ಲಿ ಕೂತರೆ ಏನಾಗುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿತ್ತಲ್ಲ?

ನಾನು ಕೂತರೆ ತಲೆ ಸುತ್ತಿ ಬೀಳುವ ಕ್ಯಾಬಿನ್ನು, ಮುನಿಯಪ್ಪ ಕೂತಾಗ ಮಾತ್ರ ಹದಿನೇಳು ಡಿಗ್ರಿ ಹೇಗಾಗುತ್ತಿತ್ತು?