ಮಾವನವರ ಕಾರಿಗೆ ತಂಪು ಗಾಳಿ

ನಮ್ಮ ಮಾವನವರ ಹಳೆಯ ಡೀಸೆಲ್ ಕಾರು ಸಪಾಟು ರಸ್ತೆಯಲ್ಲಿ ಮರ್ಯಾದೆಯಿಂದಲೇ ಓಡುತ್ತಿತ್ತು. ಸೇಡಂ ದಾಟಿ ಚಿಂಚೋಳಿ ಕಡೆಯ ಏರು ಬಂದರೆ ಮಾತ್ರ ಅದಕ್ಕೆ ಉಬ್ಬಸ ಹತ್ತುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಒಮ್ಮೆ ನಾವು ಆ ಏರಿನಲ್ಲಿ ಫಸ್ಟ್ ಗೇರಿನಲ್ಲಿ ತೆವಳುತ್ತಿದ್ದಾಗ, ನೆತ್ತಿಯ ಮೇಲೆ ಆಡು ಹೇರಿಕೊಂಡ ಬಸ್ಸೊಂದು ನಮ್ಮನ್ನು ಹಿಂದೆ ಹಾಕಿತು. ಯಾರೋ ಕಿಟಕಿಯಿಂದ ತಲೆ ಹೊರಹಾಕಿ, "ಇಳದು ನೂಕ್ರಿ ಯಜಮಾನ್ರ!" ಎಂದು ಕೂಗಿದರು. ಮಾವನವರ ಮುಖ ಸಪ್ಪಗಾಯಿತು. ಆಗ ನಾನು ಸುಮ್ಮನಿರಬೇಕಿತ್ತು.

"ಒಂದು ತಿಂಗಳು ಗಾಡಿ ನನ್ನ ಕಡೆ ಬಿಡ್ರಿ ಮಾವಾರ. ಇದೇ ಏರಿನ್ಯಾಗ ಬಸ್ಸಿನ ಮುಂದ ಹೋಗೋಹಂಗ ಮಾಡಿಕೊಡ್ತೀನಿ," ಎಂದೆ.

"ಓದಿದ ಅಳಿಯ ಸಿಕ್ಕಿದ್ದು ನಮ್ಮ ಪುಣ್ಯ," ಎಂದರು ಮಾವ. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಹಣೆ ಒತ್ತಿಕೊಂಡಳು. ನಾನು ಎಂಥವನೆಂದು ಅವಳಿಗೆ ಗೊತ್ತಿತ್ತು.

ನಾನು ವಾಡಿಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವವನು. ಪೆನ್ಸಿಲ್ ಬಿಟ್ಟರೆ ಪಾನಾ, ಸ್ಕ್ರೂಡ್ರೈವರ್ ಹಿಡಿದವನಲ್ಲ. ಆದರೆ ಕಲ್ಲುಗಣಿಯ ಡಂಪರ್ ಲಾರಿಯ ಕೈಪಿಡಿಯೊಂದು ನನ್ನ ಮೇಜಿನ ಮೇಲೆ ಬಹಳ ದಿನದಿಂದ ಬಿದ್ದಿತ್ತು. ಎಂಜಿನ್ನಿನಿಂದ ಹೊರಡುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಆ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತದೆ, ಅದೇ ಟರ್ಬೊ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದನ್ನು ದಾರಿಯಲ್ಲಿ ತಣಿಸುವುದಕ್ಕೆ ಇಂಟರ್‌ಕೂಲರ್. ಇಷ್ಟನ್ನು ಓದಿದ್ದೇ, ಉಳಿದದ್ದೆಲ್ಲ ಬರೀ ಕೈಕೆಲಸ ಎಂದು ನಾನು ತಿಳಿದುಬಿಟ್ಟೆ.

ಗುಜರಿಯಲ್ಲಿ ಒಂದು ಡಂಪರಿನ ಟರ್ಬೊ ಸಿಕ್ಕಿತು. ಕಲ್ಲಿಗೆ ತೂತು ಹೊಡೆಯುವ ಕಂಪ್ರೆಸರಿನ ಹಳೆಯ ಕೂಲರೂ ಸಿಕ್ಕಿತು. ಇಪ್ಪತ್ತು ದಿನ ನಕ್ಷೆ ಬರೆದೆ. ಕೂಲರನ್ನು ಎಲ್ಲಿ ಕೂಡಿಸುವುದು? ಅಡಿಯಲ್ಲಿಟ್ಟರೆ ವಾಡಿ ಪಕ್ಕದ ರಾವೂರಿನ ರಸ್ತೆಯ ಕಲ್ಲು ಬಡಿಯುತ್ತದೆ. ಬಾನೆಟ್ಟಿನ ಮೇಲಿಟ್ಟರೆ ಮಾವನವರಿಗೆ ರಸ್ತೆ ಕಾಣಿಸುವುದಿಲ್ಲ. ಕೊನೆಗೆ ರೇಡಿಯೇಟರಿನ ಎದುರಿಗೇ ಎಂದು ತೀರ್ಮಾನಿಸಿದೆ. ಬ್ಯಾಟರಿಯನ್ನು ಹಿಂದೆ ಡಿಕ್ಕಿಗೆ ಕಳಿಸಿ, ಅದರ ಜಾಗದಲ್ಲಿ ಕೊಳವೆ ಹಾಯಿಸಿದೆ. ಬಿಸಿ ಗಾಳಿಗೆ ಕೆಂಪು, ತಂಪು ಗಾಳಿಗೆ ನೀಲಿ. ಅಂಥ ಚೆಂದದ ನಕ್ಷೆಯನ್ನು ನಾನು ಕಾರ್ಖಾನೆಗೂ ಬರೆದುಕೊಟ್ಟಿರಲಿಲ್ಲ.

ಶಹಾಬಾದಿನಲ್ಲಿ ಗ್ಯಾರೇಜು ಇಟ್ಟಿದ್ದ ಉಸ್ತಾದರೊಬ್ಬರು ನನಗೆ ಪರಿಚಯವಿದ್ದರು. ವೆಲ್ಡಿಂಗಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಕ್ಷೆಯನ್ನು ಬಹಳ ಹೊತ್ತು ನೋಡಿ, "ಚಿತ್ರ ಭಾಳ ಚಲೋ ಅದ ಸಾಬ್. ಆದ್ರ ಎಂಜಿನ್ ಅಲುಗ್ಯಾಡ್ತದ. ಎಲ್ಲಾ ಕಬ್ಬಿಣದ ಕೊಳವಿ ಹಾಕಿದ್ರ ಹ್ಯಾಂಗ? ನಡುವ ರಬ್ಬರ್ ಪೈಪ್ ಬೇಕಲ್ಲ?" ಎಂದರು.

"ರಬ್ಬರ್ ಸೋರ್ತದ ಉಸ್ತಾದ್. ನಕ್ಷೆ ಪ್ರಕಾರ ಮಾಡ್ರಿ," ಎಂದೆ.

ಅವರು ನಕ್ಷೆ ಪ್ರಕಾರವೇ ಮಾಡಿದರು. ಎಂಜಿನ್ ಚಾಲೂ ಮಾಡಿದ ಮೊದಲ ನಿಮಿಷಕ್ಕೇ ಅದು ನಡುಗಿ, ಬೆಸುಗೆ ಟಕ್ಕೆಂದು ಬಿಟ್ಟಿತು. ಉಸ್ತಾದರು ನನಗೆ ಚಹಾ ತರಿಸಿಕೊಟ್ಟು, ನೀರೆತ್ತುವ ಪಂಪಿನ ರಬ್ಬರ್ ಪೈಪು ಕತ್ತರಿಸತೊಡಗಿದರು. ಎಲ್ಲ ಮುಗಿದ ಮೇಲೆ ಬಾನೆಟ್ ಮುಚ್ಚಲು ಹೋದರೆ ಎರಡು ಬೆರಳಿನಷ್ಟು ಬಾಯಿ ತೆರೆದೇ ಉಳಿಯಿತು. ಅದನ್ನು ಹಗ್ಗದಿಂದ ಬಿಗಿದೆವು. ಕೇಳಿದವರಿಗೆಲ್ಲ, "ಗಾಳಿ ಆಡಲಿ ಅಂತ ಬೇಕಂತಲೇ ಬಿಟ್ಟೀನಿ," ಎಂದು ಹೇಳಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಮಾವ, ಹೆಂಡತಿ, ಉಸ್ತಾದ್ ಮತ್ತು ನಾನು ಚಿಂಚೋಳಿಗೆ ಹೊರಟೆವು. ಚಿತ್ತಾಪುರ ದಾಟುತ್ತಲೇ ಮುಂದಿನಿಂದ ಸುಂಯ್ ಎಂಬ ಶಬ್ದ ಕೇಳತೊಡಗಿತು. "ಕೇಳ್ರಿ ಮಾವಾರ, ಟರ್ಬೊ ತಿರುಗಲಿಕತ್ತದ," ಎಂದೆ. ಅದು ಬಾನೆಟ್ಟಿನ ಸಂದಿಯಲ್ಲಿ ನುಗ್ಗುತ್ತಿದ್ದ ಗಾಳಿ ಎಂದು ಉಸ್ತಾದರಿಗೆ ತಿಳಿದಿತ್ತಂತೆ.

ಸೇಡಮಿನಲ್ಲಿ ಚಹಾಕ್ಕೆ ನಿಂತಾಗ ಬಾನೆಟ್ ಬಿಚ್ಚಿ, ಕೂಲರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯ ಮೇಲೆ ಮಾವನವರ ಕೈ ಇಡಿಸಿದೆ. "ಅರೆ, ತಣ್ಣಗ ಅದ!" ಎಂದು ಅವರು ಬೆರಗಾದರು. ನಾನು ಬೀಗಿದೆ. ಅವರು ಚಹಾದ ಅಂಗಡಿಯತ್ತ ಹೋದ ಮೇಲೆ ಉಸ್ತಾದರು ಟರ್ಬೊದಿಂದ ಕೂಲರಿಗೆ ಬರುವ ಕೊಳವೆ ಮುಟ್ಟಿ, ನನ್ನ ಕಿವಿಯ ಹತ್ತಿರ ಬಂದು, "ಸಾಬ್, ಇದೂ ಅಷ್ಟೇ ತಣ್ಣಗ ಅದ. ಗಾಳಿ ಒತ್ತಿದ್ರ ಬಿಸಿ ಆಗ್ತದ ಅಂತ ನೀವೇ ಹೇಳಿದ್ರಿ," ಎಂದರು.

ನಾನು ಮುಟ್ಟಿದೆ. ನಿಜ. ಡಂಪರಿನ ದೊಡ್ಡ ಚಕ್ರವನ್ನು ಜೋರಾಗಿ ತಿರುಗಿಸುವಷ್ಟು ಹೊಗೆ ನಮ್ಮ ಸಣ್ಣ ಎಂಜಿನ್ನಿನಲ್ಲಿ ಎಲ್ಲಿತ್ತು? ಇಪ್ಪತ್ತು ದಿನ ಕೂತು, ಬಿಸಿಯೇ ಆಗದ ಗಾಳಿಯನ್ನು ತಣ್ಣಗೆ ಮಾಡುವ ವ್ಯವಸ್ಥೆ ಮಾಡಿದ್ದೆ. ಬಾನೆಟ್ಟನ್ನು ಮತ್ತೆ ಹಗ್ಗದಿಂದ ಬಿಗಿದೆ. ಮಾವನವರ ಎದುರು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. "ನಡೀರಿ, ಏರಿನ್ಯಾಗ ನೋಡೋಣು," ಎಂದೆ.

ಏರಿನ ಅರ್ಧಕ್ಕೆ ಹೋಗುವಷ್ಟರಲ್ಲಿ ಕಾರು ಮೊದಲಿಗಿಂತ ಮೆತ್ತಗಾಗಿ, ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು. ಎದುರಿಗೆ ನನ್ನ ಕೂಲರು ಅಡ್ಡ ನಿಂತು ರೇಡಿಯೇಟರಿಗೆ ಗಾಳಿಯೇ ತಾಗುತ್ತಿರಲಿಲ್ಲ. ನೀರು ಕೊತಕೊತ ಕುದಿಯುತ್ತಿತ್ತು. ಎಲ್ಲರೂ ಇಳಿದೆವು. ನಾನು ಒಂದು ಬೇವಿನ ಮರವನ್ನು ವಿನಾಕಾರಣ ನೋಡುತ್ತ ನಿಂತೆ.

ಎಂಜಿನ್ ಆರಿದ ಮೇಲೆ ಉಸ್ತಾದರು ಕೂಲರು, ಕೊಳವೆ ಎಲ್ಲ ಬಿಚ್ಚಿ ಡಿಕ್ಕಿಗೆ ಹಾಕಿದರು. ಗಾಳಿ ಸೋಸುವ ಡಬ್ಬಿಯನ್ನು ಮತ್ತೆ ಎಂಜಿನ್ನಿಗೇ ನೇರವಾಗಿ ಜೋಡಿಸಬೇಕಿತ್ತು. ಅದರ ಮುಚ್ಚಳ ತೆಗೆದವರು ಹಾಗೇ ನಿಂತರು. ಧೂಳು ಹಿಡಿಯಲೆಂದು ತಳದಲ್ಲಿ ಹಾಕುವ ಎಣ್ಣೆಯಲ್ಲಿ ಸುಣ್ಣದಕಲ್ಲಿನ ಪುಡಿ ಕೂತು ರೊಟ್ಟಿ ಹಿಟ್ಟಿನಂತೆ ಗಟ್ಟಿಯಾಗಿತ್ತು.

"ಇದನ್ನ ಕಡೀ ಸಲ ಯಾವಾಗ ತೊಳದಿದ್ರಿ?" ಎಂದು ಕೇಳಿದರು.

"ತೊಳೀಬೇಕಾ ಅದನ್ನ?" ಎಂದರು ಮಾವ.

ನಾನು ಆ ಡಬ್ಬಿಯ ಚಿತ್ರವನ್ನು ಮೂರು ದಿಕ್ಕಿನಿಂದಲೂ ಬರೆದಿದ್ದೆ. ಮುಚ್ಚಳ ಎತ್ತಿ ನೋಡಿರಲಿಲ್ಲ. ಗ್ಯಾರೇಜಿನಲ್ಲಿ ಉಸ್ತಾದರು ಅದಕ್ಕೆ ಕೈ ಹಚ್ಚಲು ಹೋದಾಗ, "ಅದನ್ನ ಬಿಚ್ಚೋದು ನಕ್ಷೆದಾಗ ಇಲ್ಲ, ಬಿಡ್ರಿ," ಎಂದು ತಡೆದವನೂ ನಾನೇ.

ಡಬ್ಬಿಯನ್ನು ಡೀಸೆಲ್‌ನಲ್ಲಿ ತೊಳೆದು, ಹೊಸ ಎಣ್ಣೆ ಹಾಕಿ ಕೂಡಿಸಿದರು. ರೇಡಿಯೇಟರಿಗೆ ನೀರು ತುಂಬಿದೆವು. ಕಾರು ಸೆಕೆಂಡ್ ಗೇರಿನಲ್ಲಿ ಏರು ಹತ್ತಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಭುಜ ಕುಣಿಯುತ್ತಿತ್ತು.

ಚಿಂಚೋಳಿಯ ಮಾವನವರ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲವನ್ನೂ ಒಪ್ಪಿಕೊಂಡೆ. ಟರ್ಬೊ ತಿರುಗಲಿಲ್ಲ, ಕೂಲರು ಅಡ್ಡ ಬಂತು, ಡಬ್ಬಿ ತೊಳೆದಿದ್ದರೆ ಸಾಕಿತ್ತು ಎಂದೆಲ್ಲ ಹೇಳಿದೆ. ಮಾವನವರು ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿದರು. ಸಿಟ್ಟು ಮಾಡಲಿಲ್ಲ.

"ಆಗ್ತದ ಅಳಿಯಂದ್ರ, ಇರಲಿ," ಎಂದರು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಬಹಳ ಗೌರವದಿಂದ, "ಹೊಲದಾಗಿನ ಪಂಪ್‌ಸೆಟ್ಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ," ಎಂದರು.